ಒಣ ಚರ್ಮಕ್ಕೆ ಕಡಿಮೆ ಖರ್ಚಿನ, ನೈಸರ್ಗಿಕವಾದ ಏನಾದರೂ ಇದೆಯಾ? ಪುಣೆ ಚಳಿಗೆ ಸೋತಿದ್ದೇನೆ

ವಾಕಡ್ ವಾಸಿ

ಎಲ್ಲರಿಗೂ ನಮಸ್ಕಾರ. ದೀಪಾವಳಿ ಮುಗಿದು ಪುಣೆಯಲ್ಲಿ ಚಳಿ ಶುರುವಾಯಿತು ಅಂದರೆ ನನ್ನ ಚರ್ಮ ಕೈಕೊಡುತ್ತದೆ. ಮೊಣಕಾಲಿನ ಕೆಳಗೆಲ್ಲ ಬಿಳಿ ಹೊಟ್ಟು ಏಳುತ್ತದೆ, ಉಗುರಿನಿಂದ ಗೀರಿದರೆ ಸುಣ್ಣದ ಕಡ್ಡಿಯಲ್ಲಿ ಗೆರೆ ಎಳೆದ ಹಾಗೆ ಕಾಣುತ್ತದೆ. ಬೆರಳಿನ ಗೆಣ್ಣುಗಳು ಬಿರಿಯುತ್ತವೆ, ಪಾತ್ರೆ ತೊಳೆಯುವ ಸೋಪು ತಾಗಿದರೆ ಚುರ್ ಅನ್ನುತ್ತದೆ. ಹಗಲು ಹೇಗೋ ಕಳೆಯುತ್ತದೆ, ರಾತ್ರಿ ಕಂಬಳಿ ಹೊದ್ದು ಮೈ ಬೆಚ್ಚಗಾದ ಮೇಲೆ ಕಾಲು ತುರಿಕೆ ಶುರುವಾದರೆ ನಿದ್ದೆ ಹಾಳು.

ನಾವಿರುವುದು ವಾಕಡ್‌ನಲ್ಲಿ. ಸೊಸೈಟಿಗೆ ಬಹಳ ಮಟ್ಟಿಗೆ ಟ್ಯಾಂಕರ್ ನೀರು, ನಲ್ಲಿಯ ಮೂತಿಗೆ ಬಿಳಿ ಕಲೆ ಕಟ್ಟಿಕೊಳ್ಳುವಷ್ಟು ಗಡಸು. ಹುಬ್ಬಳ್ಳಿಯ ಅಮ್ಮನ ಮನೆಗೆ ಹೋದಾಗ ಇಷ್ಟು ತೊಂದರೆ ಆಗುವುದಿಲ್ಲ. ಆಫೀಸಿನಲ್ಲಿ ಇಡೀ ದಿನ ಏಸಿ ಬೇರೆ.

ಅಂಗಡಿಯ ಲೋಷನ್ ಹಚ್ಚಿದರೆ ಸ್ವಲ್ಪ ಹೊತ್ತು ಚೆನ್ನಾಗಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಮತ್ತೆ ಅದೇ ಕಥೆ. ಒಳ್ಳೆಯದು ಅನ್ನುವ ಕ್ರೀಮುಗಳ ಬೆಲೆ ನೋಡಿದರೆ ಕೈ ಹಿಂದೆ ಬರುತ್ತದೆ. ಮನೆಯಲ್ಲಿ ನಾನು, ಯಜಮಾನರು, ಅತ್ತೆ, ಸಣ್ಣ ಮಗಳು, ನಾಲ್ಕೂ ಜನಕ್ಕೆ ಬೇಕು. ತಿಂಗಳಿಗೆ 200 ರೂಪಾಯಿ ದಾಟಬಾರದು ಅಂತ ನನ್ನ ಲೆಕ್ಕ. ಅತ್ತೆಗೆ ಸಕ್ಕರೆ ಕಾಯಿಲೆ ಇದೆ, ಹಿಮ್ಮಡಿ ಒಡೆದಿದೆ, ಜೊತೆಗೆ ಅವರಿಗೆ ಸೆಂಟಿನ ವಾಸನೆ ಆಗಿಬರುವುದಿಲ್ಲ.

ಪಕ್ಕದ ಮನೆಯ ಕಾಕೂ ರತ್ನಾಗಿರಿ ಕಡೆಯವರು. ಮೊನ್ನೆ ಪೇಪರಿನಲ್ಲಿ ಸುತ್ತಿ ಒಂದು ಉಂಡೆ ಕೊಟ್ಟರು. ಬಿಳಿಯೂ ಅಲ್ಲ ಹಳದಿಯೂ ಅಲ್ಲದ ಬಣ್ಣ, ಮುಷ್ಟಿಯಲ್ಲಿ ಒತ್ತಿದ ಬೆರಳ ಗುರುತು ಇನ್ನೂ ಹಾಗೇ ಇದೆ, ವಾಸನೆ ಏನೂ ಇಲ್ಲ ಅನ್ನಬಹುದು. ಕೋಕಂ ಎಣ್ಣೆ, ಕಾಲಿಗೆ ಹಚ್ಚು ಅಂದರು. ಹಚ್ಚಲು ಹೋದರೆ ಮೇಣದ ಥರ ಜಾರುತ್ತದೆ, ಅಂಟುವುದೇ ಇಲ್ಲ. ಇದನ್ನು ಬಳಸುವುದು ಹೇಗೆ? ಅಥವಾ ಸುಮ್ನೆ ಕೊಬ್ಬರಿ ಎಣ್ಣೆಯೇ ಸಾಕಾ? ಅನುಭವ ಇರುವವರು ದಯವಿಟ್ಟು ಹೇಳಿ.

ಮಡಗಾಂವ್ ಶಿರಸಿ

ನಿಮ್ಮ ಕೈಗೆ ಬಂದಿರುವುದು ಬಹಳ ಒಳ್ಳೆಯ ವಸ್ತು ಅಕ್ಕಾ, ಎಸೆಯಬೇಡಿ! ನಮ್ಮ ಶಿರಸಿ ಕಡೆ ಇದಕ್ಕೆ ಮುರುಗಲ ತುಪ್ಪ ಅನ್ನುತ್ತೇವೆ. ಸೋಲ್ ಕಢಿಗೆ ಹಾಕುತ್ತಾರಲ್ಲ, ಅದೇ ಹಣ್ಣು. ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣಾಗುತ್ತದೆ. ಸಿಪ್ಪೆಯನ್ನು ಒಣಗಿಸಿ ಇಡುತ್ತಾರೆ, ಬೀಜವನ್ನು ತೊಳೆದು ಬಿಸಿಲಿಗೆ ಹಾಕುತ್ತಾರೆ. ಆಮೇಲೆ ಒಡೆದು, ಒಳಗಿನ ತಿರುಳನ್ನು ಅರೆದು, ನೀರಿನಲ್ಲಿ ಹಾಕಿ ಗಂಟೆಗಟ್ಟಲೆ ಕುದಿಸುತ್ತಾರೆ. ಜಿಡ್ಡು ಮೇಲೆ ತೇಲುತ್ತದೆ. ಅದನ್ನು ಸೌಟಿನಲ್ಲಿ ತೆಗೆದು ಆರಲು ಬಿಟ್ಟು, ಇನ್ನೂ ಮೆತ್ತಗಿರುವಾಗಲೇ ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡುತ್ತಾರೆ. ನೀವು ನೋಡಿದ ಬೆರಳ ಗುರುತು ಅದೇ. ರತ್ನಾಗಿರಿ, ಸಿಂಧುದುರ್ಗ, ಗೋವಾ, ಉತ್ತರ ಕನ್ನಡ, ಎಲ್ಲ ಕಡೆ ಮಳೆಗಾಲದ ಕೆಸರಿಗೆ ಕಾಲು ಒಡೆದರೆ, ಚಳಿಗೆ ತುಟಿ ಬಿರಿದರೆ ಮೊದಲು ನೆನಪಾಗುವುದು ಇದೇ.

ಇದು ಕರಗಲು ಸುಮಾರು 38 ರಿಂದ 42 ಡಿಗ್ರಿ ಬೇಕು. ನಮ್ಮ ಚರ್ಮದ ಮೇಲ್ಭಾಗ ಅಷ್ಟು ಬಿಸಿ ಇರುವುದಿಲ್ಲ, ಅದರಲ್ಲೂ ಚಳಿಗಾಲದಲ್ಲಿ. ಅದಕ್ಕೇ ಉಂಡೆಯನ್ನು ನೇರ ಕಾಲಿಗೆ ಉಜ್ಜಿದರೆ ಅಂಟುವುದಿಲ್ಲ. ಹಿಮ್ಮಡಿಗಾದರೆ ಕಡಲೆಕಾಳಿನಷ್ಟು ಕೆರೆದು ಚಮಚದಲ್ಲಿ ಹಾಕಿ, ದೀಪದ ಮೇಲೆ ಹಿಡಿದು ಕರಗಿಸಿ. ಬೆಚ್ಚಗಿದ್ದಾಗ, ಸುಡದಷ್ಟು ಆರಿದೆ ಅಂತ ನೋಡಿಕೊಂಡು, ಬಿರುಕಿನೊಳಗೆ ಬಿಟ್ಟು ಹತ್ತಿಯ ಕಾಲುಚೀಲ ಹಾಕಿ ಮಲಗಿ. ನಮ್ಮ ಅಜ್ಜಿ ಮಾಡುತ್ತಿದ್ದದ್ದು ಹೀಗೇ, ಕಾಲುಚೀಲದ ಬದಲು ಹಳೇ ಪಂಚೆಯ ತುಂಡು ಸುತ್ತುತ್ತಿದ್ದರು.

ಮೈಗೆಲ್ಲ ಹಚ್ಚಬೇಕಾದರೆ ಎಣ್ಣೆ ಬೆರೆಸಲೇಬೇಕು. ಒಂದು ಭಾಗ ಮುರುಗಲ ತುಪ್ಪಕ್ಕೆ ಮೂರೋ ನಾಲ್ಕೋ ಭಾಗ ಕೊಬ್ಬರಿ ಎಣ್ಣೆ ಅಥವಾ ಎಳ್ಳೆಣ್ಣೆ. ಒಂದು ಪಾತ್ರೆಯಲ್ಲಿ ನೀರು ಕಾಯಲು ಇಟ್ಟು, ಅದರೊಳಗೆ ಸಣ್ಣ ಬಟ್ಟಲಿಟ್ಟು ಎರಡನ್ನೂ ಕರಗಿಸಿ, ಒಣಗಿದ ಡಬ್ಬಿಗೆ ಸುರಿಯಿರಿ. ಆರಿದ ಮೇಲೆ ಬೆರಳಿಗೆ ಬರುವಷ್ಟು ಮೆತ್ತಗಾಗುತ್ತದೆ. ಪುಣೆ ಚಳಿಗೆ ಕೊಬ್ಬರಿ ಎಣ್ಣೆಯೇ ಬಾಟಲಿಯಲ್ಲಿ ಗಟ್ಟಿಯಾಗುತ್ತದೆ, ಹಾಗಾಗಿ ನಿಮಗೆ ಎಳ್ಳೆಣ್ಣೆಯೇ ವಾಸಿ. ಚರ್ಮಕ್ಕೆ ಹಚ್ಚುವ ತೆಳು ಪದರಕ್ಕೆ ಒಂದು ಉಂಡೆ ಬಹಳ ದಿನ ಬರುತ್ತದೆ, ನಿಮ್ಮ 200 ರೂಪಾಯಿಯಲ್ಲಿ ಧಾರಾಳ ಆದೀತು.

ಮಾಟುಂಗಾ ಮಾಮಿ

ಇಷ್ಟೆಲ್ಲಾ ಯಾಕೆ ಮಗಳೇ. ವಾರಕ್ಕೊಮ್ಮೆ ಎಳ್ಳೆಣ್ಣೆ ಬೆಚ್ಚಗೆ ಮಾಡಿ ಮೈಗೆಲ್ಲ ತಿಕ್ಕಿ ಕಡಲೆಹಿಟ್ಟಿನಲ್ಲಿ ಸ್ನಾನ ಮಾಡು. ನಾವು ಮುಂಬೈಗೆ ಬಂದು ಇಷ್ಟು ವರ್ಷ ಆಯಿತು, ದೀಪಾವಳಿಯ ಎಣ್ಣೆ ಸ್ನಾನ ಒಂದು ಸಲವೂ ತಪ್ಪಿಸಿಲ್ಲ. ಮಕ್ಕಳಿಗೆ ಹಾಲಿನ ಕೆನೆಗೆ ನಾಲ್ಕು ಹನಿ ನಿಂಬೆ ಹಿಂಡಿ ಹಚ್ಚುತ್ತಿದ್ದೆ. ಸೋಪು ಅನ್ನುವುದನ್ನು ಕಾಲಿಗೆ ತಾಗಿಸಬೇಡ, ಅರ್ಧ ಕಾಯಿಲೆ ಅಲ್ಲೇ ಇದೆ.

ಚಿಂಚವಡ್ ಫಾರ್ಮಸಿ

ಮಾಮಿ ಹೇಳಿದ ಸೋಪಿನ ಮಾತು ನೂರಕ್ಕೆ ನೂರು ನಿಜ, ಅದನ್ನೇ ಮೊದಲು ಹಿಡಿಯುತ್ತೇನೆ. ಚರ್ಮದ ಮೇಲ್ಭಾಗ ಸ್ವಲ್ಪ ಆಮ್ಲೀಯ, ಪಿಎಚ್ 5ರ ಆಸುಪಾಸು. ಮಾಮೂಲಿ ಸೋಪು 9, 10 ಇರುತ್ತದೆ. ಅದು ಕೊಳೆಯ ಜೊತೆಗೆ ಚರ್ಮದಲ್ಲಿರುವ ಜಿಡ್ಡನ್ನೂ ಎಳೆದುಕೊಂಡು ಹೋಗುತ್ತದೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಒಂದು ಅಂಟಾದ ಪದರ ಆಗುತ್ತದೆ. ಅದು ಬಕೆಟ್ಟಿಗೂ ಕಟ್ಟುತ್ತದೆ, ನಿಮ್ಮ ಕಾಲಿಗೂ ಕಟ್ಟುತ್ತದೆ. ಕಂಕುಳು, ತೊಡೆಸಂದು, ಪಾದಕ್ಕೆ ಮಾತ್ರ ಸೋಪು ಸಾಕು. ಕಾಲು, ತೋಳಿಗೆ ದಿನಾ ಸೋಪು ಹಾಕುವಷ್ಟು ಕೊಳೆ ಎಲ್ಲಿರುತ್ತದೆ?

ಇನ್ನು ಎಣ್ಣೆಯ ವಿಷಯ. ಇದನ್ನು ಕೌಂಟರಿನಲ್ಲಿ ನಿಂತು ದಿನವೂ ಹೇಳುತ್ತೇನೆ, ಇಲ್ಲೂ ಹೇಳುತ್ತೇನೆ. ಎಣ್ಣೆಯಲ್ಲಿ ನೀರು ಇಲ್ಲ. ಅದು ಚರ್ಮಕ್ಕೆ ನೀರು ಕೊಡುವುದಿಲ್ಲ, ಚರ್ಮದಲ್ಲಿ ಇರುವ ನೀರು ಆವಿಯಾಗಿ ಹೋಗದಂತೆ ತಡೆಯುತ್ತದೆ, ಒರಟುತನವನ್ನು ಮೆತ್ತಗೆ ಮಾಡುತ್ತದೆ. ಹಾಗಾದರೆ ಒಣಗಿ ಹೋದ ಕಾಲಿಗೆ ಮಧ್ಯಾಹ್ನ ಎಣ್ಣೆ ಹಚ್ಚಿದರೆ ತಡೆಯಲು ಅಲ್ಲಿ ನೀರು ಎಲ್ಲಿದೆ? ಅದಕ್ಕೇ ಸ್ನಾನ ಆದ ಕೂಡಲೇ, ಟವೆಲಿನಿಂದ ಮೈ ತಿಕ್ಕದೆ ಸುಮ್ನೆ ಒತ್ತಿ, ಇನ್ನೂ ತೇವ ಇರುವಾಗಲೇ ಹಚ್ಚಬೇಕು. ಚರ್ಮದ ಡಾಕ್ಟರುಗಳು ಮೂರು ನಿಮಿಷದೊಳಗೆ ಅನ್ನುತ್ತಾರೆ. ಬಾತ್‌ರೂಮಿನ ಬಾಗಿಲು ತೆಗೆಯುವ ಮೊದಲೇ ಹಚ್ಚಿಬಿಡಿ, ನೀವು ಯಾವ ಎಣ್ಣೆ ಹಚ್ಚುತ್ತೀರಿ ಅನ್ನುವುದಕ್ಕಿಂತ ಇದರಿಂದಲೇ ಜಾಸ್ತಿ ಫರಕು ಕಾಣುತ್ತದೆ. ಹೊಗೆಯಾಡುವ ನೀರಿನಲ್ಲಿ ತುಂಬಾ ಹೊತ್ತು ನಿಲ್ಲುವುದನ್ನೂ ಬಿಡಿ. ಪುಣೆ ಚಳಿಯಲ್ಲಿ ಅದು ಹಿತ ಅನಿಸುತ್ತದೆ, ನನಗೂ ಗೊತ್ತು, ಆದರೆ ಉಗುರುಬೆಚ್ಚಗಿನ ನೀರು, ಹತ್ತು ನಿಮಿಷ, ಅಷ್ಟೇ.

ಕೊಬ್ಬರಿ ಎಣ್ಣೆ ಸಾಕಾ ಅಂತ ಕೇಳಿದಿರಿ. 2004ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಒಣ ಚರ್ಮ ಇದ್ದ 34 ಜನಕ್ಕೆ ಎರಡು ವಾರ ಎಣ್ಣೆ ಹಚ್ಚಿಸಿ ನೋಡಿದ್ದಾರೆ, ಕೆಲವರಿಗೆ ತಾಜಾ ಕೊಬ್ಬರಿ ಎಣ್ಣೆ, ಉಳಿದವರಿಗೆ ಮಿನರಲ್ ಆಯಿಲ್. ಎರಡೂ ಹೆಚ್ಚುಕಡಿಮೆ ಒಂದೇ ಥರ ಕೆಲಸ ಮಾಡಿದವು. ಸಣ್ಣ ಪರೀಕ್ಷೆ, ಆದರೂ ಮನೆಯ ಎಣ್ಣೆಯನ್ನು ಕಡೆಗಣಿಸಬೇಕಾಗಿಲ್ಲ ಅನ್ನುವುದಕ್ಕೆ ಸಾಕು. ಆಲಿವ್ ಎಣ್ಣೆಗೆ ಮಾತ್ರ ದುಡ್ಡು ಸುರಿಯಬೇಡಿ, ಅದು ಚರ್ಮದ ಮೇಲ್ಪದರವನ್ನು ದುರ್ಬಲ ಮಾಡುತ್ತದೆ ಅಂತ 2013ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಕಂಡಿದೆ.

ಎಣ್ಣೆಯ ಕೆಳಗೆ ಗ್ಲಿಸರಿನ್ ಇದ್ದರೆ ಇನ್ನೂ ಒಳ್ಳೆಯದು. ಮೆಡಿಕಲ್ ಅಂಗಡಿಯಲ್ಲಿ ಸಣ್ಣ ಬಾಟಲಿ ಬಹಳ ಅಗ್ಗ. ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗೇ ಹಚ್ಚಿದರೆ ಅಂಟಂಟು, ಉರಿಯೂ ಆಗಬಹುದು. ಒದ್ದೆ ಅಂಗೈಯಲ್ಲಿ ಎರಡು ಮೂರು ಹನಿ ಹಾಕಿಕೊಂಡು ಒದ್ದೆ ಕಾಲಿಗೆ ಸವರಿ, ಮೇಲೆ ಎಣ್ಣೆ.

ಮಾಮಿ, ಒಂದು ಮಾತಿಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ, ಬೇಸರ ಮಾಡಿಕೊಳ್ಳಬೇಡಿ. ಬಿರಿದ ಚರ್ಮಕ್ಕೆ ನಿಂಬೆ ಬೇಡವೇ ಬೇಡ. ಉರಿಯುತ್ತದೆ, ಬಿಸಿಲು ತಾಗಿದರೆ ಕಪ್ಪು ಕಲೆಯೂ ಉಳಿಯಬಹುದು. ಕಡಲೆಹಿಟ್ಟನ್ನೂ ಎಣ್ಣೆ ತೆಗೆಯಲು ಹಗುರಾಗಿ ಬಳಸಿದರೆ ಸರಿ, ಗಸಗಸ ತಿಕ್ಕಿದರೆ ಒಣ ಚರ್ಮಕ್ಕೆ ಇನ್ನಷ್ಟು ಏಟು.

ಮಾಟುಂಗಾ ಮಾಮಿ

ಬೇಸರ ಯಾಕಪ್ಪಾ, ನಿಂಬೆ ವಿಷಯ ಹೇಳಿದ್ದು ಒಳ್ಳೆಯದಾಯಿತು. ಆದರೆ ಎಳ್ಳೆಣ್ಣೆ ಗಾಣದ್ದೇ ತಗೊಳ್ಳಿ. ಮಾಟುಂಗಾದಲ್ಲಿ ನಮಗೆ ಸುಲಭವಾಗಿ ಸಿಗುತ್ತದೆ, ಪುಣೆಯಲ್ಲೂ ಲಾಕಡಿ ಘಾಣಾ ಅಂತ ಬೋರ್ಡ್ ಹಾಕಿಕೊಂಡಿರುತ್ತಾರೆ. ಹುರಿದ ಎಳ್ಳಿನ ಕಂದು ಎಣ್ಣೆ ತರಬೇಡಿ, ಅದು ಅಡಿಗೆಗೆ, ಮೈಯೆಲ್ಲ ವಾಸನೆ ಹೊಡೆಯುತ್ತದೆ.

ವಾಕಡ್ ವಾಸಿ

ಎಲ್ಲರಿಗೂ ಮನಸಾರೆ ಧನ್ಯವಾದ. ಉಂಡೆ ಯಾಕೆ ಅಂಟುತ್ತಿಲ್ಲ ಅಂತ ಈಗ ಅರ್ಥವಾಯಿತು. ಇನ್ನೆರಡು ಪ್ರಶ್ನೆ. ಈ ಮಿಶ್ರಣಕ್ಕೆ ಗುಲಾಬಿ ನೀರು, ಮನೆಯ ಕುಂಡದ ಲೋಳೆಸರ ಹಾಕಿ ಕ್ರೀಮ್ ಥರ ಕಡೆದು ಇಟ್ಟುಕೊಳ್ಳಬಹುದಾ? ಯೂಟ್ಯೂಬಿನಲ್ಲಿ ತುಂಬಾ ಜನ ತೋರಿಸುತ್ತಾರೆ. ಮತ್ತೆ ಅತ್ತೆಯ ಕಾಲಿಗೆ ಇದನ್ನು ಧೈರ್ಯವಾಗಿ ಹಚ್ಚಬಹುದಾ?

ಚಿಂಚವಡ್ ಫಾರ್ಮಸಿ

ಮೊದಲನೆಯದಕ್ಕೆ ಬೇಡ ಅನ್ನುತ್ತೇನೆ. ಬರೀ ಎಣ್ಣೆ, ತುಪ್ಪದ ಮಿಶ್ರಣದಲ್ಲಿ ನೀರಿಲ್ಲದ ಕಾರಣ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುವುದಿಲ್ಲ, ಒದ್ದೆ ಬೆರಳು ಹಾಕದಿದ್ದರೆ ತಿಂಗಳುಗಟ್ಟಲೆ ಇರುತ್ತದೆ. ಗುಲಾಬಿ ನೀರು, ಲೋಳೆಸರ ಬಿದ್ದ ಕೂಡಲೇ ಅದು ಕೆಡುವ ವಸ್ತು ಆಯಿತು. ಅಂಗಡಿಯ ಕ್ರೀಮಿಗೆ ಪ್ರಿಸರ್ವೇಟಿವ್ ಹಾಕುವುದು ಇದೇ ಕಾರಣಕ್ಕೆ. ನೋಡಲು ಬೆಳ್ಳಗೆ ಚೆನ್ನಾಗಿಯೇ ಇರುತ್ತದೆ, ವಾಸನೆ ಬರುವ ಮೊದಲೇ ಒಳಗೆ ರೋಗಾಣು ಬೆಳೆದಿರಬಹುದು, ಅದನ್ನು ಬಿರಿದ ಚರ್ಮಕ್ಕೆ ಹಚ್ಚಿದರೆ ಸೋಂಕು. ಲೋಳೆಸರ ಬೇಕೇ ಬೇಕು ಅಂದರೆ ಎಲೆ ಕೊಯ್ದು ಹಳದಿ ರಸ ಪೂರ್ತಿ ಸೋರಲು ಬಿಡಿ, ಅದು ಕೆಲವರಿಗೆ ತುರಿಕೆ ತರುತ್ತದೆ. ತೊಳೆದು, ಒಳಗಿನ ಲೋಳೆಯನ್ನು ಆಗಲೇ ಹಚ್ಚಿ, ಉಳಿದದ್ದನ್ನು ಇಡಬೇಡಿ.

ಅತ್ತೆಯವರ ವಿಷಯದಲ್ಲಿ ದಯವಿಟ್ಟು ಹುಷಾರು. ಸಕ್ಕರೆ ಕಾಯಿಲೆ ಬಹಳ ವರ್ಷದ್ದಾದರೆ ಪಾದದಲ್ಲಿ ಸ್ಪರ್ಶ ಕಡಿಮೆ ಆಗಿರುತ್ತದೆ. ಕರಗಿಸಿದ ಬಿಸಿ ತುಪ್ಪ ಅವರ ಬಿರುಕಿಗೆ ಬಿಡಲೇಬೇಡಿ, ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಪೂರ್ತಿ ಆರಿದ ಮೆತ್ತನೆಯ ಮಿಶ್ರಣ ಹಿಮ್ಮಡಿಗೆ, ಪಾದದ ಮೇಲೆ ಹಚ್ಚಿ. ಬೆರಳುಗಳ ಸಂದಿಗೆ ಬೇಡ, ಅಲ್ಲಿ ತೇವ ನಿಂತರೆ ಫಂಗಸ್ ಆಗುತ್ತದೆ. ಹಚ್ಚುವಾಗ ದಿನಾ ಪಾದ ತಿರುಗಿಸಿ ನೋಡಿ. ರಕ್ತ, ಕೀವು, ಕೆಂಪು, ಊತ ಏನೇ ಕಂಡರೂ ಅದೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಎಣ್ಣೆ ಕಾಲಿನಲ್ಲಿ ಟೈಲ್ಸ್ ಮೇಲೆ ನಡೆಯಲು ಬಿಡಬೇಡಿ, ಮಂಚದ ಮೇಲೆ ಕೂರಿಸಿ ಹಚ್ಚಿ, ಕಾಲುಚೀಲ ಹಾಕಿಸಿ.

ನಿಮಗೂ ಒಂದು ಮಾತು. ಇಷ್ಟೆಲ್ಲ ಮಾಡಿಯೂ ತುರಿಕೆ ಕಡಿಮೆ ಆಗದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಕಡಿಮೆ ಇದ್ದರೂ ಚರ್ಮ ಹೀಗೇ ಒಣಗುತ್ತದೆ.

ಹಡಪ್ಸರ್ ಹುಡುಗ

ನಾನೂ ಇದನ್ನೇ ಹುಡುಕುತ್ತಿದ್ದೆ. ಮುಖಕ್ಕೂ ಇದೇ ನಡೆಯುತ್ತದಾ? ನನಗೆ ಮೊಡವೆ ಇದೆ, ಆದರೆ ಮೂಗಿನ ಪಕ್ಕ ಸಿಪ್ಪೆ ಏಳುತ್ತದೆ.

ಮಡಗಾಂವ್ ಶಿರಸಿ

ತಮ್ಮಾ, ಮೊಡವೆ ಮುಖಕ್ಕೆ ಕೊಬ್ಬರಿ ಎಣ್ಣೆ ಬೇಡ, ರಂಧ್ರ ಮುಚ್ಚಿ ಇನ್ನೂ ಜಾಸ್ತಿ ಆಗುತ್ತದೆ. ತುಟಿಗೆ ಮಾತ್ರ ಮುರುಗಲ ತುಪ್ಪ ಹಚ್ಚು. ಮೂಗಿನ ಪಕ್ಕ ಏಳುವ ಸಿಪ್ಪೆ ಎಷ್ಟೋ ಸಲ ಒಣ ಚರ್ಮ ಆಗಿರುವುದಿಲ್ಲ, ತಲೆಹೊಟ್ಟಿನ ಜಾತಿಯದ್ದೇ ಆಗಿರುತ್ತದೆ. ಅದಕ್ಕೆ ಎಣ್ಣೆ ಹಾಕಿದರೆ ಹೆಚ್ಚುತ್ತದೆ, ಒಮ್ಮೆ ಡಾಕ್ಟರಿಗೆ ತೋರಿಸು.

ವಾಕಡ್ ಅಕ್ಕಾ, ಮಗಳಿಗೆ ಹಚ್ಚುವ ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಎರಡು ದಿನ ನೋಡಿ, ಎಳ್ಳು ಕೆಲವು ಮಕ್ಕಳಿಗೆ ಆಗುವುದಿಲ್ಲ. ಉಂಡೆ ಮುಗಿದರೆ ಕೋಕಣದ ಸಾಮಾನು ಮಾರುವ ಅಂಗಡಿಯಲ್ಲಿ ಕೋಕಂ ತೇಲ್ ಅಂತ ಕೇಳಿ. ಕೋಕಂ ಆಗಳ್ ಅಂದರೆ ಉಪ್ಪು ಹಾಕಿದ ಹುಳಿ ರಸದ ಬಾಟಲಿ ಕೊಡುತ್ತಾರೆ, ಅದು ಬೇರೆ. ಕಾಕೂ ಮೇ ತಿಂಗಳಲ್ಲಿ ಊರಿಗೆ ಹೋಗುವವರಿದ್ದರೆ ಅವರ ಹತ್ತಿರವೇ ನಾಲ್ಕು ಉಂಡೆ ಹೇಳಿಬಿಡಿ. ಮನೆಯಲ್ಲಿ ತೆಗೆದದ್ದು ಸಿಕ್ಕರೆ ಬಿಡಬಾರದು.