ಹತ್ತನೆಯ ತರಗತಿ ಎದುರಿಗಿದೆ, ತಬಲಾ ಬಿಡಿಸಬೇಕೇ?

ಕೊಪ್ಪಳದ ತಾಯಿಯೊಬ್ಬರ ಪ್ರಶ್ನೆ:
ಒಂಬತ್ತನೆಯ ತರಗತಿಯಲ್ಲಿರುವ ನನ್ನ ಮಗ ಮೂರು ವರ್ಷಗಳಿಂದ ವಾರಕ್ಕೆರಡು ಸಂಜೆ ತಬಲಾ ಕಲಿಯುತ್ತಿದ್ದಾನೆ. ಬರುವ ವರ್ಷ ಎಸ್‌ಎಸ್‌ಎಲ್‌ಸಿ ಇರುವುದರಿಂದ ಅದನ್ನು ಬಿಡಿಸಿ ಟ್ಯೂಷನ್‌ಗೆ ಸೇರಿಸಬೇಕೆಂದು ನಮ್ಮ ಭಾವನವರು ಹೇಳುತ್ತಿದ್ದಾರೆ. ಹುಡುಗ ಮೊದಲಿನಿಂದಲೂ ಸಂಕೋಚದವನು, ಮಾತು ಕಡಿಮೆ. ಸಂಗೀತ ಕಲಿತದ್ದರಿಂದ ಸ್ವಭಾವದಲ್ಲಿ ನಿಜವಾಗಿ ಏನಾದರೂ ಬದಲಾಗುತ್ತದೆಯೇ? ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಬಳ್ಳಾರಿಯಿಂದ, ಬ್ಯಾಂಕ್ ನೌಕರ:
ಅಕ್ಕಾವರೇ, ನಾನೂ ನಿಮ್ಮ ಮಗನ ವಯಸ್ಸಿನಲ್ಲಿ ತಬಲಾ ಕಲಿತವನು. ಅದರಿಂದ ನನ್ನ ಅಂಕಗಳು ಹೆಚ್ಚಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಒಮ್ಮೆ ಶ್ರಾವಣದಲ್ಲಿ ನಮ್ಮೂರ ಮಠದ ಪುರಾಣಕ್ಕೆ ತಬಲಾ ಸಾಥ್ ಕೊಡುತ್ತಿದ್ದವರು ಜ್ವರದಿಂದ ಮಲಗಿದ್ದರಿಂದ ಗವಾಯಿಗಳು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. ಎದುರಿಗೆ ಇಡೀ ಊರು ಕುಳಿತಿತ್ತು. ಹೆದರಿಕೆಗೆ ನನ್ನ ಲಯ ಓಡತೊಡಗಿ, ಹದಿನಾರು ಮಾತ್ರೆಯ ತೀನ್‌ತಾಲದಲ್ಲಿ ಅವರು ಸಮಕ್ಕೆ, ಅಂದರೆ ತಾಳದ ಮೊದಲ ಮಾತ್ರೆಗೆ, ಬರುವ ಮೊದಲೇ ನಾನು ಬಂದುಬಿಡುತ್ತಿದ್ದೆ. ಅವರು ಹಾಡು ನಿಲ್ಲಿಸಲಿಲ್ಲ, ಕಣ್ಣು ಕೆಂಪಗೆ ಮಾಡಲೂ ಇಲ್ಲ; ಪೇಟಿಯ (ಹಾರ್ಮೋನಿಯಂ) ಮೇಲಿದ್ದ ಬಲಗೈಯನ್ನು ತೆಗೆದು ತೊಡೆಯ ಮೇಲೆ ಮೆಲ್ಲಗೆ ತಟ್ಟುತ್ತ ಹಾಡಿದರು. ಆ ಕೈಯನ್ನೇ ನೋಡುತ್ತ, ತಾಳದಲ್ಲಿ ಚಪ್ಪಾಳೆಯಿಲ್ಲದ ಖಾಲಿಯ ಭಾಗದಲ್ಲಿ ಎಡಗೈಯ ಡಗ್ಗಾದ ಗುಮುಕನ್ನು ತಡೆದು, ಅವರ ಉಸಿರಿಗೆ ಕಿವಿಗೊಟ್ಟು, ಮೂರನೆಯ ಆವರ್ತನಕ್ಕೆ ಅವರ ಜೊತೆಗೇ ಸಮಕ್ಕೆ ಬಿದ್ದೆ. ಇಂದು ಕೌಂಟರಿನಾಚೆ ಸಿಟ್ಟಾದ ಗ್ರಾಹಕರು ನಿಂತಾಗ ಅವರ ಮಾತು ಮುಗಿಯುವವರೆಗೆ ಕಾಯುವ ಅಭ್ಯಾಸ ನನಗೆ ಆ ಜಮಖಾನೆಯ ಮೇಲೆಯೇ ಬಂದದ್ದೆಂದು ನಂಬಿದ್ದೇನೆ. (ಮನೆಯಲ್ಲಿ ಆ ತಾಳ್ಮೆ ಕಂಡಿಲ್ಲವೆಂದು ನನ್ನ ಹೆಂಡತಿಯ ತಕರಾರು.)

ಗಂಗಾವತಿಯಿಂದ, ಭತ್ತದ ವ್ಯಾಪಾರಿ:
ನನ್ನ ಅನುಭವ ಬೇರೆ ತೆರನಾದುದು. ಮಗಳಿಗೆ ಗಾಯನ ಕಲಿಸಿದೆ. ಸಂಗೀತದ ಜೂನಿಯರ್ ಪರೀಕ್ಷೆ ಪಾಸಾದ ಕೂಡಲೇ ಸೀನಿಯರ್‌ಗೆ ಕಟ್ಟಿಸಿದೆ, ಮನೆಗೆ ಬಂದ ಬೀಗರ ಎದುರಿಗೆಲ್ಲ ಹಾಡಿಸಿದೆ. ಭೂಪಾಲಿ ರಾಗದ ಐದೇ ಸ್ವರಗಳಲ್ಲಿ ತನ್ನಷ್ಟಕ್ಕೆ ಏನೇನೋ ಗುನುಗುತ್ತ ಅಂಗಳ ಗುಡಿಸುತ್ತಿದ್ದ ಹುಡುಗಿ, ಪ್ರಮಾಣಪತ್ರ ಕೈಗೆ ಬಂದ ದಿನ ಮೊಬೈಲಿನಲ್ಲಿದ್ದ ತಂಬೂರಿ ಆ್ಯಪ್ ಅಳಿಸಿಹಾಕಿದಳು. ಅಂದಿನಿಂದ ಹಾಡಿಲ್ಲ. ತಪ್ಪು ನನ್ನದು.

ಸಿಂಧನೂರಿನಿಂದ, ಭಜನಾ ಮಂಡಳಿಯ ಹಿರಿಯರು:
ತಂಗೀ, ನನಗೆ ಪೇಟಿ ಕಲಿಸಿದವರು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು, ಅಂಧರು. ಆ ಆಶ್ರಮ ಕಟ್ಟಿದ ಪಂಚಾಕ್ಷರಿ ಗವಾಯಿಗಳೂ, ಅದನ್ನು ಮುಂದುವರಿಸಿ 2010ರಲ್ಲಿ ಪದ್ಮಭೂಷಣ ಪಡೆದ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಅಂಧರೇ. ಅಂಧ ಹಾಗೂ ಬಡ ಮಕ್ಕಳಿಗೆ ಅನ್ನ, ಆಶ್ರಯ ಕೊಟ್ಟು ವಿದ್ಯೆ ಕಲಿಸಿದರು. ನಮ್ಮ ಗುರುಗಳು ಕೋಲೂರುತ್ತ ಗುಡಿಗೆ ಬಂದರೆ ಕಟ್ಟೆಯ ಮೇಲಿದ್ದ ಗೌಡರು ತಾವಾಗಿ ಎದ್ದು ಜಾಗ ಬಿಡುತ್ತಿದ್ದರು. ಅದು ಮರುಕದಿಂದ ಸಿಗುವ ಜಾಗವಲ್ಲ. ನಿಮ್ಮ ಮಗನನ್ನು ಒಂದೆರಡು ಸೋಮವಾರ ಭಜನೆಗೆ ಕಳುಹಿಸಿ ನೋಡಿರಿ. ಬಾಯಿಬಿಡದ ಹುಡುಗರು ನಮ್ಮಲ್ಲಿ ತಾಳ ತಪ್ಪಿದ ಹಿರಿಯರನ್ನೇ ತಿದ್ದುವುದನ್ನು ಕಂಡಿದ್ದೇನೆ.

ರಾಯಚೂರಿನಿಂದ, ಪ್ರೌಢಶಾಲಾ ಶಿಕ್ಷಕಿ:
ಪೂರ್ತಿ ಬಿಡಿಸಬೇಡಿರಿ. ವಾರಕ್ಕೆರಡರ ಬದಲು ಒಂದು ಸಂಜೆ, ದಿನಕ್ಕೆ ಅರ್ಧ ಗಂಟೆ ರಿಯಾಜ್ ಸಾಕು. ಪೂರ್ವಸಿದ್ಧತಾ ಪರೀಕ್ಷೆಯ ಹೊತ್ತಿಗೆ ಕ್ಲಾಸು ನಿಲ್ಲಿಸಿದರೂ ತಬಲಾವನ್ನು ಅಟ್ಟಕ್ಕೆ ಏರಿಸಬೇಡಿರಿ.

ಪ್ರಶ್ನೆ ಕೇಳಿದ ತಾಯಿಯವರಿಂದ:
ಎಲ್ಲರಿಗೂ ಧನ್ಯವಾದಗಳು. ನೀವು ಬರೆದದ್ದನ್ನು ಭಾವನವರೆದುರು ಓದಿ ಹೇಳಿದೆ. ಅವರು ಒಪ್ಪಿದರೆಂದು ಹೇಳಲಾರೆ, ಆದರೆ ಸುಮ್ಮನಾದರು. ವಾರಕ್ಕೊಂದು ದಿನ ಸಾಕು, ಶ್ರಾವಣದಲ್ಲಿ ಮಾತ್ರ ಪುರಾಣಕ್ಕೆ ಕೂರುತ್ತೇನೆಂದು ಮಗ ತಾನೇ ಬಾಯಿಬಿಟ್ಟು ಹೇಳಿದ. ಬಲಗೈ ತಬಲಾದ ಚರ್ಮ ಸಡಿಲಾಗಿದೆ. ಕೊಪ್ಪಳದಲ್ಲಿಯೋ ಹೊಸಪೇಟೆಯಲ್ಲಿಯೋ ಅದನ್ನು ಬದಲಿಸಿ ಕೊಡುವವರಿದ್ದರೆ ತಿಳಿಸಿರಿ.