ಸಹಾಯ ಬೇಕು: ದುಡಿ ಹಾಡು ರೆಕಾರ್ಡ್ ಮಾಡಲು ಉಚಿತ ಸಾಫ್ಟ್‌ವೇರ್ ಯಾವುದು?

ಎಲ್ಲರಿಗೂ ನಮಸ್ಕಾರ. ವಿರಾಜಪೇಟೆ ಹತ್ತಿರದ ನಮ್ಮೂರಲ್ಲಿ ನಾಲ್ವರು ಹಿರಿಯರು ದುಡಿ (ಕೊಡವರ ಪುಟ್ಟ ಚರ್ಮವಾದ್ಯ) ಬಡಿದು ಬಾಳೋಪಾಟ್ (ಕೊಡವರ ಸಾಂಪ್ರದಾಯಿಕ ಹಾಡು) ಹಾಡುತ್ತಾರೆ. ಹೊಸಬರು ಕಲಿಯುತ್ತಿಲ್ಲ, ಹಾಗಾಗಿ ಪುತ್ತರಿ ಸುಗ್ಗಿ ಹಬ್ಬ ಬರುವುದರೊಳಗೆ ಎಲ್ಲವನ್ನೂ ರೆಕಾರ್ಡ್ ಮಾಡಿಡಬೇಕು.

ಹಳೇ ಲ್ಯಾಪ್‌ಟಾಪ್, ವಿಂಡೋಸ್ 10, 4 ಜಿಬಿ ರ್‍ಯಾಮ್, ಒಂದು ಯುಎಸ್‌ಬಿ ಮೈಕ್ ಇದೆ. ಅಡಾಸಿಟಿ, ಓಷನ್‌ಆಡಿಯೊ ಎರಡೂ ಉಚಿತ. ನನಗೆ ಅಡಾಸಿಟಿಯೇ ಸರಿ ಅನ್ನಿಸಿದೆ, ಟ್ರ್ಯಾಕ್‌ಗಳನ್ನು ಬೇರೆ ಬೇರೆ ಇಟ್ಟು ಎಡಿಟ್ ಮಾಡಬಹುದು. ಆದರೆ ಈ ಲ್ಯಾಪ್‌ಟಾಪ್‌ನಲ್ಲಿ ಒಂದು ಗಂಟೆಯ ಹಾಡು ನಿಲ್ಲದೆ ರೆಕಾರ್ಡ್ ಆಗುತ್ತದೆಯೇ?

ದೊಡ್ಡ ತಲೆನೋವು ಮಾಡಿನ ಶೀಟಿನ ಮೇಲೆ ಬೀಳುವ ಮಳೆ ಸದ್ದು. ಬರೀ ಮಳೆಯ ತುಣುಕನ್ನು ಮಾದರಿಯಾಗಿ ಕೊಟ್ಟು ನಾಯ್ಸ್ ರಿಡಕ್ಷನ್ (ಬೇಡದ ಸದ್ದು ತಗ್ಗಿಸುವ ಸೌಲಭ್ಯ) ಹಾಕಿದರೆ ಮಳೆ ತಗ್ಗುತ್ತದೆ, ಜೊತೆಗೆ ಅಜ್ಜಂದಿರ ದನಿಯೂ ತಗಡಿನಂತಾಗುತ್ತದೆ. ಎಷ್ಟು ಡೆಸಿಬಲ್‌ಗೆ ನಿಲ್ಲಿಸಬೇಕು? ಕಾಪಿಡಲು 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲ್ ಸಾಕೇ? ನಾಲ್ವರಿಗೆ ಒಂದೇ ಮೈಕ್ ಎಲ್ಲಿಡಬೇಕು? ಜಾನಪದ ರೆಕಾರ್ಡಿಂಗ್ ಮಾಡಿದವರಿದ್ದರೆ ದಯವಿಟ್ಟು ತಿಳಿಸಿ.