2019ರ ನೆರೆ ಇಳಿದು ಒಂದೂವರೆ ತಿಂಗಳು: ಮರಳು ತುಂಬಿದ ತೋಟ, ಮುರಿದ ಸಂಕ – ಮೊದಲು ಯಾವುದು, ಯಾರದ್ದು?

ಹೊಳೆಬದಿಯ ಕೃಷಿಕ (ಪ್ರಶ್ನೆ)

ನಮ್ಮ ಊರು ಬೆಳ್ತಂಗಡಿ ತಾಲೂಕಿನಲ್ಲಿ, ಚಾರ್ಮಾಡಿ ಘಟ್ಟದ ಬುಡದಲ್ಲಿ, ಮೃತ್ಯುಂಜಯ ಹೊಳೆಗೆ ಸೇರುವ ಒಂದು ಸಣ್ಣ ಹಳ್ಳದ ಎರಡೂ ದಡಗಳಲ್ಲಿ ಹರಡಿಕೊಂಡಿದೆ. 2019ರ ಆಗಸ್ಟ್ 9, ವರಮಹಾಲಕ್ಷ್ಮಿ ವ್ರತದ ಶುಕ್ರವಾರ, ಘಟ್ಟದ ಗುಡ್ಡಗಳು ಜರಿದು ಹಳ್ಳದಲ್ಲಿ ಕೆಸರು, ಬಂಡೆ ಮತ್ತು ಬುಡಸಮೇತ ಕಿತ್ತ ಕಾಡುಮರಗಳು ಬಂದವು. ಜೀವಹಾನಿ ಆಗಲಿಲ್ಲ ಎನ್ನುವುದೇ ನಮ್ಮ ಪುಣ್ಯ. ಮೂರು ಮನೆಗಳು ಪೂರ್ತಿ ಹೋದವು, ಎರಡು ದಡಗಳನ್ನು ಜೋಡಿಸುತ್ತಿದ್ದ ಕಾಲುಸಂಕ ಕೊಚ್ಚಿಹೋಯಿತು, ಹನ್ನೊಂದು ಕುಟುಂಬಗಳ ಅಡಿಕೆ ತೋಟದಲ್ಲಿ ಕೆಲವು ಕಡೆ ಒಂದಡಿ, ಕೆಲವು ಕಡೆ ಎದೆಮಟ್ಟ ಮರಳು ನಿಂತಿದೆ.

ಮೊದಲ ಹದಿನೈದು ದಿನ ಎಲ್ಲೆಲ್ಲಿಂದಲೋ ಯುವಕರು ಬಂದು ಮನೆಯೊಳಗಿನ ಕೆಸರು ತೆಗೆದರು, ಅಕ್ಕಿ, ಚಾಪೆ, ಹೊದಿಕೆ ಕೊಟ್ಟರು. ಅವರ ಋಣ ದೊಡ್ಡದು. ಈಗ ಪರಿಹಾರ ಕೇಂದ್ರ ಮುಚ್ಚಿದೆ, ಬರುವವರು ನಿಂತಿದ್ದಾರೆ, ನಿಜವಾದ ಕಷ್ಟ ಈಗ ಆರಂಭವಾಗಿದೆ. ಕೊಳೆರೋಗಕ್ಕೆ ಎರಡನೆಯ ಸಲ ಬೋರ್ಡೊ (ಮೈಲುತುತ್ತ–ಸುಣ್ಣದ ದ್ರಾವಣ) ಸಿಂಪಡಿಸಲು ತೋಟಕ್ಕೆ ಇಳಿಯುವ ದಾರಿಯೇ ಇರಲಿಲ್ಲವಾದ್ದರಿಂದ ಉಳಿದ ಮರಗಳ ಫಸಲೂ ಉದುರಿದೆ.

ನಾವು ಊರವರು ಸೇರಿ ಸ್ವಲ್ಪ ಹಣ ಒಟ್ಟುಮಾಡಿದ್ದೇವೆ. ಆದರೆ ಜೆಸಿಬಿ ಬಂದರೆ ಮೊದಲು ಯಾರ ತೋಟಕ್ಕೆ ಇಳಿಯಬೇಕು ಎಂಬ ಮಾತಿಗೆ ಎರಡು ಸಭೆಗಳು ಮುರಿದುಬಿದ್ದಿವೆ. ಹೆಚ್ಚು ಹಣ ಹಾಕಿದವರದ್ದೇ, ಹೆಚ್ಚು ಹಾನಿಯಾದವರದ್ದೇ, ಅಥವಾ ಬೇಗ ಉಳಿಸಿಕೊಳ್ಳಬಹುದಾದ ತೋಟವೇ? ಈ ನಡುವೆ ಮರಳನ್ನು ತಾವೇ ಒಯ್ಯುತ್ತೇವೆ, ಖರ್ಚೂ ಇಲ್ಲ ಎಂದು ಲಾರಿಯವರು ದಿನಬಿಟ್ಟು ದಿನ ಬರುತ್ತಿದ್ದಾರೆ. ಇಂಥದ್ದನ್ನು ದಾಟಿ ಬಂದವರು ದಯವಿಟ್ಟು ತಿಳಿಸಿ, ನಿಮ್ಮಲ್ಲಿ ಕೆಲಸದ ಕ್ರಮವನ್ನು ಹೇಗೆ ನಿರ್ಧರಿಸಿದಿರಿ?

ಸಂಪಾಜೆ ಕಡೆಯವ

ಅಣ್ಣನವರೇ, ನಿಮ್ಮ ಬರಹ ಓದುತ್ತ ಹೋದ ವರ್ಷದ ಆಗಸ್ಟ್ ಕಣ್ಣ ಮುಂದೆ ಬಂತು. 2018ರಲ್ಲಿ ಜೋಡುಪಾಲದ ಮೇಲಿನ ಗುಡ್ಡಗಳು ಕುಸಿದಾಗ ಪಯಸ್ವಿನಿ ಹೊಳೆಯಲ್ಲಿ ನಿಮ್ಮಲ್ಲಿ ಬಂದಂಥದ್ದೇ ಕೆಸರು ಬಂತು, ಮಡಿಕೇರಿಗೆ ಹೋಗುವ ಹೆದ್ದಾರಿ ಕಡಿದುಹೋಗಿ ನಮಗೆ ಹತ್ತಿರದ ಪೇಟೆಯೇ ದೂರವಾಯಿತು. ಆಗ ನಾವು ಮಾಡಿದ ದೊಡ್ಡ ತಪ್ಪನ್ನು ಮೊದಲು ಹೇಳುತ್ತೇನೆ. ಹಣ ಕೈಗೆ ಬಂದ ತಕ್ಷಣ ತೋಟದ ಮಣ್ಣು ತೆಗೆಸಲು ಯಂತ್ರ ಇಳಿಸಿದೆವು. ಹಳ್ಳದ ಪಾತ್ರದಲ್ಲಿ ಬಂಡೆ ಮತ್ತು ದಿಮ್ಮಿಗಳು ಹಾಗೆಯೇ ಇದ್ದವು. ಹಿಂಗಾರಿನ ಒಂದೇ ರಾತ್ರಿಯ ಮಳೆಗೆ ನೀರು ಆ ಕಟ್ಟಿಗೆ ತಾಗಿ ತಿರುಗಿ, ನಾವು ಸ್ವಚ್ಛ ಮಾಡಿದ ತೋಟಕ್ಕೇ ಮತ್ತೆ ನುಗ್ಗಿತು. ಆದ್ದರಿಂದ ಯಾರ ತೋಟ ಮೊದಲು ಎಂಬ ಪ್ರಶ್ನೆಗೆ ನನ್ನ ಉತ್ತರ, ಯಾರದ್ದೂ ಅಲ್ಲ, ಹಳ್ಳದ ಪಾತ್ರ ಮೊದಲು. ಅದು ಎಲ್ಲರಿಗೂ ಸೇರಿದ್ದಾದ್ದರಿಂದ ಅಲ್ಲಿಂದ ಆರಂಭಿಸಿದರೆ ಸಭೆಯೂ ಮುರಿಯುವುದಿಲ್ಲ.

ಎರಡನೆಯದು ಸಂಕ. ಯಂತ್ರದ ಒಂದು ದಿನದ ಬಾಡಿಗೆಗೆ ಆಗುವ ಹಣದಲ್ಲಿ ಅಡಿಕೆ ಮರದ ತಾತ್ಕಾಲಿಕ ಸಂಕವನ್ನು ಊರವರೇ ಹಾಕಬಹುದು. ಬಿದ್ದ ಮರಗಳು ಹೇಗೂ ಇವೆ. ದಾಟಲು ದಾರಿ ಇಲ್ಲದಿದ್ದರೆ ಶಾಲೆಯ ಮಕ್ಕಳು, ಹಾಲು ಕೊಂಡೊಯ್ಯುವವರು, ಕೆಲಸದಾಳುಗಳು ಎಲ್ಲರೂ ಕಿಲೋಮೀಟರುಗಟ್ಟಲೆ ಸುತ್ತಬೇಕು, ಆ ಸುತ್ತಾಟದಲ್ಲಿಯೇ ಊರಿನ ಅರ್ಧ ದುಡಿಮೆ ಹೋಗುತ್ತದೆ.

ತೋಟಕ್ಕೆ ಇಳಿದ ಮೇಲೆ ಮರಳಿಗಿಂತ ಮೊದಲು ಕಣಿಗಳನ್ನು (ನೀರು ಬಸಿದು ಹೋಗುವ ಕಾಲುವೆಗಳನ್ನು) ಬಿಡಿಸಿ. ಅಡಿಕೆಯ ಬೇರು ಸ್ವಲ್ಪ ಕಾಲ ಮರಳಿನ ಭಾರವನ್ನು ತಾಳುತ್ತದೆ, ನಿಂತ ನೀರನ್ನು ತಾಳುವುದಿಲ್ಲ. ಕಣಿಯಲ್ಲಿ ನೀರು ಹರಿಯತೊಡಗಿದರೆ ಒಂದಡಿ ಮರಳಿರುವ ತೋಟದಲ್ಲಿ ಬುಡದ ಸುತ್ತ ಬಿಡಿಸಿ, ಸೊಪ್ಪು ಮತ್ತು ಹಟ್ಟಿಗೊಬ್ಬರ ಕೊಟ್ಟು ಮರ ಉಳಿಸಬಹುದು, ನಮ್ಮಲ್ಲಿ ಹಾಗೆ ಉಳಿದಿವೆ. ಎದೆಮಟ್ಟ ತುಂಬಿದ ಜಾಗದ ವಿಚಾರ ಬೇರೆ. ಅಲ್ಲಿ ಯಂತ್ರ ಇಳಿಸಿದರೆ ಉಳಿದ ಬೇರೂ ಕಡಿಯುತ್ತದೆ. ಹೊಸ ಸಸಿ ನೆಟ್ಟರೆ ಫಸಲಿಗೆ ಐದರಿಂದ ಏಳು ವರ್ಷ ಬೇಕು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು, ಆ ಮನೆಯವರಿಗೆ ನಡುವಿನ ಆದಾಯಕ್ಕೆ ಬಾಳೆಯೋ ತರಕಾರಿಯೋ ದನವೋ ಏನು ದಾರಿ ಎಂದು ಊರು ಸೇರಿ ಯೋಚಿಸಬೇಕು. ಗುಡ್ಡದಿಂದ ಬಂದ ಮಣ್ಣು ಒಳಗಿನ ಮಣ್ಣು, ಅದರಲ್ಲಿ ಸಾರ ಇರುವುದಿಲ್ಲ. ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೋ ವಿಟ್ಲದ ಸಿಪಿಸಿಆರ್‌ಐಗೋ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಮಾದರಿ ಒಯ್ದು ತೋರಿಸಿ, ನೆಡುವುದನ್ನು ಅವಸರ ಮಾಡಬೇಡಿ.

ಕೊನೆಗೆ ಒಂದು ವಿನಂತಿ. ಮಳೆ ಪೂರ್ತಿ ನಿಲ್ಲುವ ಮೊದಲೇ ಊರಿನ ನಾಲ್ಕು ಜನ ಗುಡ್ಡ ಹತ್ತಿ ನೋಡಿ ಬನ್ನಿ. ನೆಲದಲ್ಲಿ ಹೊಸ ಬಿರುಕು, ಓರೆಯಾದ ಮರಗಳು, ಇದ್ದಕ್ಕಿದ್ದಂತೆ ಕೆಂಪಾದ ಒರತೆ ಕಂಡರೆ ಅದರ ಕೆಳಗಿನ ಮನೆಯವರು ರಾತ್ರಿ ಅಲ್ಲಿ ಮಲಗಬಾರದು. ಜೋರು ಮಳೆಯಲ್ಲಿ ಹಳ್ಳದ ನೀರು ಒಮ್ಮೆಲೇ ಇಳಿದರೆ ಸಮಾಧಾನ ಪಡಬೇಡಿ, ಮೇಲೆಲ್ಲೋ ಮಣ್ಣು ಅಡ್ಡ ಬಿದ್ದು ನೀರು ಕಟ್ಟಿಕೊಂಡಿದೆ ಎಂದೇ ತಿಳಿದು ಓಡಬೇಕು.

ನಿವೃತ್ತ ಗ್ರಾಮಲೆಕ್ಕಿಗ

ಸಂಪಾಜೆಯವರ ಮಾತನ್ನು ಒಪ್ಪುತ್ತೇನೆ, ಆದರೆ ಒಂದು ತಿದ್ದುಪಡಿಯೊಂದಿಗೆ. ಯಂತ್ರ ಹಳ್ಳಕ್ಕೆ ಇಳಿಯುವ ಮೊದಲು ದಾಖಲೆ ಆಗಲೇಬೇಕು. ಗ್ರಾಮಲೆಕ್ಕಾಧಿಕಾರಿಗಳು ಬಂದು ಮಹಜರು (ಸ್ಥಳದಲ್ಲೇ ಹಾನಿ ನೋಡಿ ಮಾಡುವ ದಾಖಲೆ) ಬರೆಯದೆ ಮರಳು ತೆಗೆದುಬಿಟ್ಟರೆ ಆಮೇಲೆ ಹಾನಿಯನ್ನು ತೋರಿಸಲು ಏನೂ ಉಳಿಯುವುದಿಲ್ಲ. ಪ್ರತಿ ತೋಟದಲ್ಲಿ ಕೋಲು ನೆಟ್ಟು, ಮರಳಿನ ಆಳ ಕಾಣುವಂತೆ, ಹಿಂದೆ ಗುರುತು ಸಿಗುವ ಮನೆ ಅಥವಾ ಮರ ಬರುವಂತೆ ಚಿತ್ರ ತೆಗೆದಿಡಿ.

ವಿಪತ್ತು ಪರಿಹಾರ ನಿಧಿಯ 2019ರ ನಿಯಮದಲ್ಲಿ ಮೂರಿಂಚಿಗಿಂತ ಹೆಚ್ಚು ಹೂಳು ನಿಂತ ಕೃಷಿಭೂಮಿಗೆ ಹೆಕ್ಟೇರಿಗೆ 12,200 ರೂಪಾಯಿ, ಹೊಳೆ ದಿಕ್ಕು ಬದಲಿಸಿಯೋ ಗುಡ್ಡ ಕುಸಿದೋ ಭೂಮಿಯೇ ಹೋಗಿದ್ದರೆ ಹೆಕ್ಟೇರಿಗೆ 37,500 ರೂಪಾಯಿ ನಿಗದಿಯಾಗಿತ್ತು. ಇವೆರಡೂ ಸಣ್ಣ ಮತ್ತು ಅತಿಸಣ್ಣ ರೈತರಿಗೆ, ಪಹಣಿಯಲ್ಲಿ ಹೆಸರು ಇದ್ದವರಿಗೆ ಮಾತ್ರ. ಬಹುವಾರ್ಷಿಕ ಬೆಳೆ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಹಾಳಾಗಿದ್ದರೆ ಹೆಕ್ಟೇರಿಗೆ 18,000 ರೂಪಾಯಿ, ಎರಡು ಹೆಕ್ಟೇರಿನ ಮಿತಿಯಲ್ಲಿ. ಹೂಳು ತೆಗೆಯುವ ಹಣ ಎಕರೆಗೆ ಲೆಕ್ಕ ಹಾಕಿದರೆ ಐದು ಸಾವಿರವೂ ಆಗುವುದಿಲ್ಲ. ಎದೆಮಟ್ಟ ಮರಳಿರುವವನಿಗೆ ಇದು ಏನೂ ಅಲ್ಲ ಎಂಬುದನ್ನು ಮೂವತ್ತು ವರ್ಷ ಇದೇ ಕೆಲಸ ಮಾಡಿದ ನಾನು ನೋವಿನಿಂದಲೇ ಹೇಳುತ್ತೇನೆ, ಆದರೂ ಬಿಡಬೇಡಿ. ಪೂರ್ತಿ ಬಿದ್ದ ಮನೆಗಳಿಗೆ ರಾಜ್ಯ ಸರಕಾರ 2019ರಲ್ಲಿ 5 ಲಕ್ಷ ರೂಪಾಯಿ ಘೋಷಿಸಿತು. ಅದು ಕಟ್ಟಡದ ಹಂತ ನೋಡಿ ಕಂತುಗಳಲ್ಲಿ ಬರುವುದರಿಂದ ತಳಪಾಯಕ್ಕೆ ಕೈಸಾಲ ಬೇಕಾಗಬಹುದು. ನಿಮ್ಮ ಊರಿನ ಹಣದಲ್ಲಿ ಅದಕ್ಕೊಂದು ಪಾಲು ತೆಗೆದಿಟ್ಟರೆ ಆ ಮೂರು ಮನೆಗಳು ಬೇಗ ಏಳುತ್ತವೆ.

ಇನ್ನು ನಮ್ಮ ಜಿಲ್ಲೆಯದ್ದೇ ಆದ ಒಂದು ತೊಡಕಿದೆ. ಹೊಳೆಬದಿಯ ತೋಟಗಳಲ್ಲಿ ಸ್ವಲ್ಪ ಭಾಗ ಪಟ್ಟಾ (ಸ್ವಂತ ಹೆಸರಿನ ಜಾಗ), ಸ್ವಲ್ಪ ಭಾಗ ಕುಮ್ಕಿ (ಅದಕ್ಕೆ ತಾಗಿದ, ಸೊಪ್ಪು ಸೌದೆಗೆ ಬಿಟ್ಟ ಸರಕಾರಿ ಜಾಗ) ಇರುವುದು ಸಾಮಾನ್ಯ. ತಂದೆಯ ಕಾಲದಿಂದ ಅಡಿಕೆ ಬೆಳೆದಿದ್ದರೂ ಕುಮ್ಕಿ ಸರಕಾರಿ ಜಾಗವೇ ಆದ್ದರಿಂದ ಅಲ್ಲಿ ಆದ ಹಾನಿ ಪರಿಹಾರದ ಲೆಕ್ಕಕ್ಕೆ ಬರುವುದಿಲ್ಲ. ಗಡಿಕಲ್ಲು ಹೂತುಹೋಗಿರುವಾಗ ಪಟ್ಟಾ ಎಲ್ಲಿ ಮುಗಿಯಿತು ಎಂದು ಹೇಳುವವರೂ ಇಲ್ಲ. ಹದ್ದುಬಸ್ತಿಗೆ (ಗಡಿ ಅಳೆದು ಗುರುತಿಸಲು) ಈಗಲೇ ಅರ್ಜಿ ಕೊಡಿ, ಇಲ್ಲವಾದರೆ ನೆರೆಯಲ್ಲಿ ಒಟ್ಟಿಗೆ ನಿಂತ ಅಣ್ಣತಮ್ಮಂದಿರು ಬೇಸಗೆಯಲ್ಲಿ ಗಡಿಗಾಗಿ ನ್ಯಾಯಾಲಯಕ್ಕೆ ಹೋಗುತ್ತಾರೆ. ನಾನು ಅದನ್ನೂ ನೋಡಿದ್ದೇನೆ.

ಲಾರಿಯವರ ವಿಷಯದಲ್ಲಿ ಎಚ್ಚರಿಕೆ. ನಿಮ್ಮದೇ ಪಟ್ಟಾ ಜಾಗದ ಮರಳಾದರೂ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ ಇಲ್ಲದೆ ಹೊರಗೆ ಸಾಗಿಸಿದರೆ ಜಾಗದ ಯಜಮಾನನ ಮೇಲೂ ಪ್ರಕರಣ ದಾಖಲಾಗಬಹುದು. ದಂಡೆಗೂ ಮನೆ ಕಟ್ಟಲಿಕ್ಕೂ ಬೇಕಾದ ಮರಳನ್ನು ಊರಿನಲ್ಲೇ ಒಂದು ಕಡೆ ರಾಶಿ ಹಾಕಿಸಿ, ಉಳಿದುದಕ್ಕೆ ಪಂಚಾಯಿತಿಯ ಮೂಲಕ ಎಲ್ಲರ ಪರವಾಗಿ ಅನುಮತಿ ಕೇಳಿ.

ಆರೋಗ್ಯ ಸಹಾಯಕಿ

ತೋಟ, ಸಂಕ, ಪಹಣಿ ಎಲ್ಲವೂ ಸರಿ, ಬಾವಿಯ ಮಾತು ಯಾರೂ ಎತ್ತಲಿಲ್ಲ. ಹೊಳೆಯ ನೀರು ನುಗ್ಗಿದ ಬಾವಿ ಈಗ ತಿಳಿಯಾಗಿ ಕಂಡರೂ ಅದನ್ನು ಕುಡಿಯಬಾರದು. ಒಮ್ಮೆ ಪಂಪ್ ಹಚ್ಚಿ ಖಾಲಿ ಮಾಡಿ, ತಳದ ಕೆಸರು ತೆಗೆದು, ಹೊಸ ನೀರು ಬಂದ ಮೇಲೆ ಬ್ಲೀಚಿಂಗ್ ಪೌಡರ್ ಹಾಕಬೇಕು. ಲೆಕ್ಕ ಸುಲಭ: ಸಾವಿರ ಲೀಟರಿಗೆ ಎರಡೂವರೆ ಗ್ರಾಂ. ಮೂರು ಮೀಟರ್ ಅಗಲದ ದುಂಡು ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್, ಅಂದರೆ 70 ಗ್ರಾಂ. ನೆರೆ ನುಗ್ಗಿದ ಬಾವಿಗೆ ಮೊದಲ ಸಲ ಇದರ ಎರಡು ಪಟ್ಟು ಹಾಕಿ. ಪುಡಿಯನ್ನು ನೇರ ಸುರಿಯದೆ ಬಕೆಟ್ಟಿನಲ್ಲಿ ಕದಡಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಇಳಿಸಿ ಕೊಡದಿಂದ ಚೆನ್ನಾಗಿ ಕಲಕಿ, ಒಂದು ಗಂಟೆಯ ನಂತರವೇ ನೀರು ಸೇದಬೇಕು. ಅದನ್ನೂ ಕುದಿಸಿಯೇ ಕುಡಿಯಿರಿ.

ಮರಳು, ಕೆಸರು ತೆಗೆಯುವವರು ಹೆಚ್ಚಾಗಿ ಬರಿಗಾಲಿನಲ್ಲಿ ಇಳಿಯುತ್ತಾರೆ. ಇಲಿಜ್ವರ ಬರುವುದೇ ಹಾಗೆ, ಕಾಲಿನ ಸಣ್ಣ ಗಾಯದ ಮೂಲಕ. ಗಂಬೂಟು ಕೊಡಿಸಿ. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಮಾತ್ರೆ ಅಂಗಡಿಗೆ ಹೋಗದೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕೆಸರಿನಲ್ಲಿ ಕೆಲಸ ಮಾಡಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಇನ್ನೊಂದು ಮಾತು. ಮಳೆಯ ಸದ್ದು ಕೇಳಿದರೆ ಮಕ್ಕಳು ಎದ್ದು ಕೂರುತ್ತಾರೆ, ಹಿರಿಯರು ರಾತ್ರಿಯಿಡೀ ಹೊಳೆಗೆ ಟಾರ್ಚ್ ಬಿಡುತ್ತಾರೆ ಎಂದು ನನ್ನ ವ್ಯಾಪ್ತಿಯ ಮನೆಗಳಲ್ಲಿ ತಾಯಂದಿರು ಹೇಳುತ್ತಿದ್ದಾರೆ. ಇದನ್ನು ಹೆದರುಪುಕ್ಕಲುತನ ಎಂದು ಯಾರೂ ಗದರಿಸಬೇಡಿ. ಅಂಥ ರಾತ್ರಿಗಳಲ್ಲಿ ಎರಡು ಮೂರು ಮನೆಯವರು ಎತ್ತರದ ಒಂದು ಮನೆಯಲ್ಲಿ ಒಟ್ಟಿಗೆ ಮಲಗಿದರೆ ನಿದ್ರೆಯೂ ಬರುತ್ತದೆ, ಜೀವಕ್ಕೂ ಕ್ಷೇಮ.

ಮಲಪ್ರಭಾ ದಂಡೆಯವ

ನಮ್ಮ ಬಯಲುಸೀಮೆಯ ನೆರೆ ನಿಮ್ಮದರಂತೆ ಗುಡ್ಡದಿಂದ ಬೀಳುವುದಿಲ್ಲ, ಆದರೂ ನೆರೆಯ ನಂತರದ ಬದುಕು ಎರಡೂ ಕಡೆ ಒಂದೇ. 2009ರ ಸೆಪ್ಟೆಂಬರ್ ಕೊನೆಯ ಮಳೆಗೆ ರೋಣ, ಬಾದಾಮಿ ಕಡೆಯ ಊರುಗಳು ಮುಳುಗಿದಾಗ ಸರಕಾರ, ದಾನಿಗಳು ಸೇರಿ ಎತ್ತರದಲ್ಲಿ ‘ಆಸರೆ’ ಯೋಜನೆಯ ಮನೆಗಳನ್ನು ಕಟ್ಟಿಸಿದರು. ಕಟ್ಟಿದವರ ಮನಸ್ಸು ಒಳ್ಳೆಯದಿತ್ತು. ಆದರೆ ಎತ್ತು ಕಟ್ಟಲು, ಮೇವಿನ ಬಣವೆ ಒಟ್ಟಲು ಅಲ್ಲಿ ಜಾಗವಿರಲಿಲ್ಲ, ಹೊಲ ದೂರವಾಯಿತು. ಅನೇಕರು ಹಳೆಯ ಊರಿನಲ್ಲಿಯೇ ಉಳಿದರು. ಈ ಆಗಸ್ಟಿನಲ್ಲಿ ನವಿಲುತೀರ್ಥ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಹಳೆಯ ಊರಿನ ಅದೇ ಮನೆಗಳು ಮತ್ತೆ ಮುಳುಗಿದವು, ಹಗೇವಿನ (ನೆಲದೊಳಗಿನ ಕಣಜದ) ಜೋಳವೂ ಕೊಳೆಯಿತು.

ಆದ್ದರಿಂದ ಮೂರು ಮನೆಗಳನ್ನು ಎಲ್ಲಿ ಕಟ್ಟಬೇಕು ಎಂಬುದನ್ನು ಆ ಮನೆಯ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಕೇಳಿರಿ. ನೀರು ಎಲ್ಲಿಂದ ತರಬೇಕು, ದನ ಎಲ್ಲಿ ಕಟ್ಟಬೇಕು, ಕೆಲಸಕ್ಕೆ ಎಷ್ಟು ದೂರ ಎಂಬ ಲೆಕ್ಕ ಅವರಲ್ಲಿದೆ.

ಮತ್ತೊಂದು ಪ್ರಶ್ನೆಯನ್ನು ನಾನೇ ನಿಮಗೆ ಕೇಳುತ್ತೇನೆ. ಹನ್ನೊಂದು ತೋಟಗಳ ಲೆಕ್ಕ ಕೊಟ್ಟಿರಿ. ಆ ತೋಟಗಳಲ್ಲಿ ದುಡಿಯುತ್ತಿದ್ದ ಭೂಮಿ ಇಲ್ಲದವರ ಲೆಕ್ಕ ಎಲ್ಲಿ? ಪಹಣಿ ಇಲ್ಲದವನಿಗೆ ಹೂಳಿನ ಹಣವೂ ಇಲ್ಲ, ಬೆಳೆಯ ಹಣವೂ ಇಲ್ಲ, ಈ ವರ್ಷದ ಕೊಯ್ಲಿನ ಕೂಲಿಯೂ ಇಲ್ಲ. ನಮ್ಮಲ್ಲಿ ಅಂಥವರು ಮೂರು ತಿಂಗಳು ಕಾದು ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋದರು, ಆಮೇಲೆ ಹೊಲದ ಕೆಲಸಕ್ಕೆ ಆಳಿಲ್ಲ ಎಂದು ನಾವು ಕೊರಗಿದೆವು. ಉದ್ಯೋಗ ಖಾತರಿಯಲ್ಲಿ 2019ರಲ್ಲಿ ದಿನಕ್ಕೆ 249 ರೂಪಾಯಿ ಕೂಲಿ ಇತ್ತು. ನಿಮ್ಮ ಕಣಿ ಬಿಡಿಸುವ, ದಂಡೆ ಕಟ್ಟುವ ಕೆಲಸವನ್ನು ಆ ಯೋಜನೆಯಲ್ಲಿ ಬರೆಸಲು ಪಂಚಾಯಿತಿಯನ್ನು ಕೇಳಿರಿ. ಯಂತ್ರಕ್ಕೆ ಕೊಡುವ ಹಣದ ಸ್ವಲ್ಪ ಭಾಗವಾದರೂ ಊರಿನ ಕೈಗಳಿಗೆ ಸಿಗಲಿ.

ಹೊಳೆಬದಿಯ ಕೃಷಿಕ

ಎಲ್ಲರಿಗೂ ಕೈಮುಗಿಯುತ್ತೇನೆ. ಮಲಪ್ರಭಾ ದಂಡೆಯವರ ಪ್ರಶ್ನೆಗೆ ನಿಜವನ್ನೇ ಹೇಳಬೇಕು, ನಮ್ಮ ಎರಡೂ ಸಭೆಗಳಿಗೆ ತೋಟದವರನ್ನು ಮಾತ್ರ ಕರೆದಿದ್ದೆವು. ಹೋದ ಮೂರು ಮನೆಗಳಲ್ಲಿ ಎರಡು ಮನೆಯವರು ನಮ್ಮ ತೋಟಗಳಲ್ಲಿಯೇ ದುಡಿಯುವವರು, ಅವರೂ ಆ ಸಭೆಗಳಲ್ಲಿ ಇರಲಿಲ್ಲ.

ನಿನ್ನೆ ಭಜನಾಮಂದಿರದ ಜಗಲಿಯಲ್ಲಿ ಮೂರನೆಯ ಸಲ ಸೇರಿದೆವು, ಈ ಸಲ ಮನೆಗೊಬ್ಬರಂತೆ ಎಲ್ಲರೂ ಬಂದರು. ನಿಮ್ಮ ಉತ್ತರಗಳನ್ನು ಓದಿ ಹೇಳಿದೆ. ಮಹಜರು ಆಗದ ನಾಲ್ಕು ತೋಟಗಳಿಗೆ ಈ ವಾರವೇ ಗ್ರಾಮಲೆಕ್ಕಾಧಿಕಾರಿಗಳನ್ನು ಕರೆತರುವುದು, ಆಮೇಲೆ ಹಳ್ಳದ ಪಾತ್ರದಲ್ಲಿ ಅಡ್ಡ ಬಿದ್ದ ದಿಮ್ಮಿಗಳನ್ನು ತೆಗೆಸುವುದು ಎಂದು ತೀರ್ಮಾನವಾಗಿದೆ. ಅವು ಅರಣ್ಯದ ಮರಗಳಾದ್ದರಿಂದ ಇಲಾಖೆಗೆ ಮೊದಲೇ ಪತ್ರ ಬರೆಯುತ್ತಿದ್ದೇವೆ. ಲಾರಿಯವರಿಗೆ ಬರಬೇಡಿ ಎಂದು ಹೇಳಿದ್ದೇವೆ. ಮುಂದಿನ ಭಾನುವಾರ ಸಂಕದ ಕೆಲಸ, ಬಿದ್ದ ಅಡಿಕೆ ಮರಗಳನ್ನು ಇಬ್ಬರು ಆಗಲೇ ಕಡಿದು ದಡಕ್ಕೆ ತಂದು ಹಾಕಿದ್ದಾರೆ.

ಮನೆಯ ಜಾಗದ ಮಾತು ಮಾತ್ರ ಇನ್ನೂ ಮುಗಿದಿಲ್ಲ. ಒಬ್ಬ ತಾಯಿ ಹಳೆಯ ಜಾಗಕ್ಕೆ ಹೋಗುವುದಿಲ್ಲ ಎಂದರು, ಅವರ ಮಗ ಅಲ್ಲಿಯೇ ಕಟ್ಟುತ್ತೇನೆ ಎನ್ನುತ್ತಾನೆ. ಮೇಲಿನ ದಿಣ್ಣೆಯಲ್ಲಿ ಹತ್ತು ಸೆಂಟ್ಸ್ ಬಿಟ್ಟುಕೊಡಲು ತೋಟದವರೊಬ್ಬರು ಮುಂದೆ ಬಂದಿದ್ದಾರೆ. ಆದರೆ ಆ ದಿಣ್ಣೆಯ ಬೆನ್ನಿಗಿರುವ ಗುಡ್ಡವನ್ನು ನಾವು ಇನ್ನೂ ಹತ್ತಿ ನೋಡಿಲ್ಲ. ಸಂಪಾಜೆಯವರು ಹೇಳಿದಂತೆ ನಾಳೆ ಬೆಳಿಗ್ಗೆ ನಾಲ್ಕು ಜನ ಹೊರಡುತ್ತಿದ್ದೇವೆ, ಆ ಮಗನನ್ನೂ ಕರೆದುಕೊಂಡು.